ಕಟಕಟೆಯೊಳಗಿನ ಹೆಣಿಗೆ

ಹಾರ್ನಣ್ಣನಿಗೆ ಆ ಹೆಸರು ಬಂದದ್ದು ಲಾರಿಯಿಂದಲ್ಲ, ಗಂಟಲಿನಿಂದ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಹಾರನ್ ಕೆಟ್ಟರೂ ಅವನು ರಿಪೇರಿ ಮಾಡಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ "ಏಯ್" ಎಂದರೆ ಸಾಕು, ಮುಂದಿದ್ದವರು ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಸರಿಯುತ್ತಿದ್ದರು. ಅವನು ನಿವೃತ್ತನಾದರೂ ಗಂಟಲು ನಿವೃತ್ತಿಯಾಗಿರಲಿಲ್ಲ. ಅಂಥವನು ಈಗ ಮೂರನೇ ಮಹಡಿಯ ಮನೆಯಲ್ಲಿ ಪಿಸುಗುಟ್ಟಿಕೊಂಡು ಬದುಕುತ್ತಿದ್ದ. ಮೊಮ್ಮಗಳು ಮಲಗಿದ್ದರೆ ಎಬ್ಬಿಸಬಾರದು, ಎದ್ದಿದ್ದರೆ ಬೆಚ್ಚಿಬೀಳಿಸಬಾರದು. ಇದು ಸೊಸೆಯ ಕಟ್ಟಪ್ಪಣೆ.

ಸೊಸೆ ಒಳ್ಳೆಯ ಹುಡುಗಿಯೇ. ಚೆನ್ನಾಗಿ ಓದಿದವಳು. ಆದರೆ ಓದಿದ್ದರಲ್ಲಿ ಮುಕ್ಕಾಲು ಪಾಲು ಮಗುವಿಗೆ ಏನೇನು ಆಗಬಹುದು ಎಂಬುದರ ಬಗ್ಗೆಯೇ ಇತ್ತು. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದ್ದಳು. ಕಪಾಟುಗಳಿಗೆ ಎಂಥದೋ ಬೀಗ ಹಾಕಿದ್ದಳು. ಮಗುವಿಗೆ ಅದು ಎರಡೇ ದಿನಕ್ಕೆ ತೆಗೆಯಲು ಬಂತು, ಹಾರ್ನಣ್ಣನಿಗೆ ಇನ್ನೂ ಬಂದಿಲ್ಲ. ಸಕ್ಕರೆ ಬೇಕಾದಾಗ ಅವನು ಮೊಮ್ಮಗಳನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದ.

ಇಂಥ ಮನೆಯಲ್ಲಿ ಆ ಮಣಿಪರ್ಸಿನ ಅನಾಹುತ ನಡೆಯಿತು.

ಪರ್ಸು ಅವನ ಹೆಂಡತಿಯದು. ಅಂಗೈಗಿಂತ ಸ್ವಲ್ಪ ದೊಡ್ಡದು, ಮೈತುಂಬ ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗಳು, ನಡುವೆ ಕೊಂಬೆಯ ಮೇಲೆ ಕೂತ ಒಂದು ಗಿಳಿ, ಬಾಯಿಗೆ ಟಕ್ಕೆಂದು ಮುಚ್ಚುವ, ಹೆಗಲಿಗೆ ಹಾಕುವ ಸರಪಳಿಯಿದ್ದ ಹಿತ್ತಾಳೆಯ ಚೌಕಟ್ಟು. ಮದುವೆಯಾದ ಮೊದಲ ವರ್ಷ ಅವಳು ಅವನ ಜೊತೆ ಲಾರಿಯಲ್ಲೇ ಓಡಾಡುತ್ತ, ಪಕ್ಕದ ಸೀಟಿನಲ್ಲಿ ಕೂತು ಹೆಣೆದದ್ದು. ಅವನು ಬ್ರೇಕ್ ಹಾಕಿದಾಗಲೆಲ್ಲ ಮಡಿಲಿನ ತಟ್ಟೆಯಿಂದ ಮಣಿಗಳು ಹಾರಿ ಕ್ಲಚ್ಚಿನ ಕೆಳಗೆ ಸೇರುತ್ತಿದ್ದವು. "ನೀವು ಬ್ರೇಕ್ ಹಾಕ್ತೀರೋ, ನನ್ನ ಮೇಲೆ ಸೇಡು ತೀರಿಸ್ಕೊಳ್ತೀರೋ?" ಎಂದು ಅವಳು ರೇಗುತ್ತಿದ್ದಳು. ಅವನು ಲಾರಿ ನಿಲ್ಲಿಸಿ, ಸೀಟಿನ ಕೆಳಗೆ ತಲೆ ತೂರಿಸಿ ಒಂದೊಂದೇ ಮಣಿ ಹೆಕ್ಕಿಕೊಡುತ್ತಿದ್ದ. ಹಿಂದಿನ ಗಾಡಿಗಳು ಕಿರುಚಿಕೊಳ್ಳುತ್ತಿದ್ದವು. ಆ ಪರ್ಸು ಅವತ್ತಿನಿಂದ ಇವತ್ತಿನವರೆಗೆ ಅವಳ ಹೆಗಲು ಬಿಟ್ಟದ್ದಿಲ್ಲ. ಈ ಸಲ ಮಗಳ ಬಾಣಂತನಕ್ಕೆ ಹೊರಡುವ ಗಡಿಬಿಡಿಯಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲೇ ಮರೆತುಹೋಗಿತ್ತು. ತಲುಪಿದ ಕೂಡಲೇ ಫೋನ್ ಮಾಡಿ, ತಾನು ಕ್ಷೇಮವಾಗಿ ಬಂದೆ ಎಂದು ಹೇಳುವುದಕ್ಕೂ ಮೊದಲು, "ನನ್ನ ಪರ್ಸು ಮುಟ್ಟಬೇಡಿ" ಎಂದಿದ್ದಳು.

ಮುಟ್ಟಬೇಡಿ ಎಂದದ್ದರಿಂದಲೇ ಅವನಿಗೆ ಅದರ ನೆನಪಾಯಿತು. ತೆಗೆದು ನೋಡಿದ. ಚೌಕಟ್ಟು ಬಿಗಿಯಾಗಿತ್ತು. ಪಾಪ, ಅವಳ ಬೆರಳು ನೋಯುತ್ತದೆ, ಅವಳು ಬರುವಷ್ಟರಲ್ಲಿ ಸಡಿಲ ಮಾಡಿಡೋಣ ಎಂದುಕೊಂಡ. ಎರಡು ಹನಿ ಎಣ್ಣೆ ಬಿಟ್ಟ. ಜಗ್ಗಲಿಲ್ಲ. ಇಕ್ಕಳ ತಂದು ಒಂದೇ ಒಂದು ಎಳೆತ ಎಳೆದ.

ಚೌಕಟ್ಟು ಸಡಿಲವಾಯಿತು. ಪರ್ಸೂ ಸಡಿಲವಾಯಿತು. ಎಲ್ಲೋ ಒಂದು ಎಳೆ ತುಂಡಾಗಿ, ಮುದಿ ದಾರ ಸರ್ರನೆ ಬಿಚ್ಚಿಕೊಳ್ಳುತ್ತ ಹೋಗಿ, ಗಿಳಿ ಅವನ ಕಣ್ಣೆದುರಿಗೇ ನೆಲದ ತುಂಬ ಹರಡಿಕೊಂಡಿತು. ಅದರ ಮಧ್ಯಕ್ಕೆ ಮೊಮ್ಮಗಳು ಅಂಬೆಗಾಲಿಕ್ಕುತ್ತ, ಹಬ್ಬದೂಟಕ್ಕೆ ಕರೆದವರ ಉತ್ಸಾಹದಲ್ಲಿ ಬಂದಳು.

ಸೊಸೆ ಕಿರುಚಿದ ರಭಸಕ್ಕೆ ಹಾರ್ನಣ್ಣನಂಥ ಹಾರ್ನಣ್ಣನೇ ಬೆಚ್ಚಿದ. ಮಗುವನ್ನು ಎತ್ತಿ, ತಲೆಕೆಳಗು ಮಾಡಿ, ಬಾಯಿಗೆ ಬೆರಳು ಹಾಕಿ, ಟಾರ್ಚು ಬಿಟ್ಟು ನೋಡಿದಳು. ಬಾಯಲ್ಲಿ ಇದ್ದದ್ದು ಎರಡು ಹಲ್ಲು ಮಾತ್ರ. ಆದರೂ ಸಮಾಧಾನವಿಲ್ಲ. ಕಸಪೊರಕೆ ತಗೊಂಡು ಮಂಚದಡಿ, ಸೋಫಾದಡಿ, ಚಪ್ಪಲಿಯ ಒಳಗೆಲ್ಲ ಗುಡಿಸಿ, ಒಂದು ಮಣಿಯೂ ಉಳಿಯದಂತೆ ಎಲ್ಲವನ್ನೂ ಕಸದ ಗಾಡಿಗೆ ಸುರಿದು ಬಂದಳು. ಆಮೇಲೆ ವಾರವಿಡೀ ಮಗುವಿನ ಡೈಪರನ್ನು ಬಂಗಾರ ಜಾಲಿಸುವವರ ಹಾಗೆ ಪರೀಕ್ಷೆ ಮಾಡಿದಳು.

ಗಾಡಿ ತಿರುವು ದಾಟಿ ಹೋದ ಮೇಲೆ ಅವಳಿಗೆ ತಾನು ಏನು ಮಾಡಿದೆ ಎಂಬುದು ಹೊಳೆಯಿತು.

"ಮಾವ," ಎಂದಳು ಸಣ್ಣ ದನಿಯಲ್ಲಿ. "ಅತ್ತೆ ಕೇಳಿದ್ರೆ?"

"ಹರಿದದ್ದು ನಾನು."

"ಎಸೆದದ್ದು ನಾನು."

ಇಬ್ಬರೂ ಬಾಗಿಲ ಹಿಂದಿನ ಖಾಲಿ ಮೊಳೆ ನೋಡಿದರು. ಮೊಳೆಯೂ ಅವರನ್ನೇ ನೋಡುತ್ತಿರುವ ಹಾಗಿತ್ತು. ಉಳಿದದ್ದು ಹಿತ್ತಾಳೆ ಚೌಕಟ್ಟೊಂದೇ.

"ಹೊಸದು ಮಾಡ್ತೀನಿ," ಎಂದ ಹಾರ್ನಣ್ಣ. "ಅವಳು ಬರೋದಿನ್ನೂ ತಿಂಗಳಿದೆ. ಮಣಿ ತರ್ತೀನಿ, ನಾನೇ ಹೆಣೀತೀನಿ."

"ನಿಮಗೆ ಹೆಣಿಗೆ ಬರುತ್ತಾ?"

"ಟಾರ್ಪಾಲಿಗೆ ಹಗ್ಗ ಬಿಗಿದ ಕೈ ಕಣಮ್ಮ ಇದು. ಗಂಟು ಅಂದ್ರೆ ಗಂಟು."

ಸೊಸೆ ಯೋಚಿಸಿದಳು. ಅತ್ತೆಯ ಮುಖ ಒಂದು ಕಡೆ, ಮನೆಯೊಳಗೆ ಮತ್ತೆ ಮಣಿ ಬರುವುದು ಇನ್ನೊಂದು ಕಡೆ. ಕೊನೆಗೆ ಅತ್ತೆಯ ಮುಖವೇ ಗೆದ್ದಿತು. "ಆದ್ರೆ ಅಂಗಡಿಗೆ ನಾನೂ ಬರ್ತೀನಿ," ಎಂದಳು.

ಹೊಲಿಗೆ ಸಾಮಾನಿನ ಅಂಗಡಿ ಎರಡು ಕಟ್ಟಡಗಳ ಸಂದಿಯಲ್ಲಿತ್ತು. ಒಬ್ಬರು ಒಳಗೆ ಹೋಗಬೇಕಾದರೆ ಒಬ್ಬರು ಹೊರಗೆ ಬರಬೇಕು. ಗೋಡೆಯುದ್ದಕ್ಕೂ ಗುಂಡಿ, ಜಿಪ್ಪು, ಲೇಸು, ದಾರ. ನಡುವೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಅಂಗಡಿಯಾಕೆ.

"ಮಣಿ ಹೆಣಿಗೆಗೆ ಸಾಮಾನು ಬೇಕಿತ್ತು," ಎಂದ ಹಾರ್ನಣ್ಣ. ಸಂದಿಯಲ್ಲಿ ಅವನ ದನಿಗೆ ಗುಂಡಿಯ ಡಬ್ಬಗಳು ಗಲಗಲ ಎಂದವು.

"ಯಾರಿಗೆ?"

"ನನಗೇ."

ಅಂಗಡಿಯಾಕೆ ಅವನ ಬೆರಳು ನೋಡಿದಳು. ಒಂದೊಂದೂ ಬಾಳೆಹಣ್ಣಿನಷ್ಟಿತ್ತು. ಮಣಿಯ ಪೊಟ್ಟಣಗಳನ್ನು ಹರಡಿದಳು.

ಸೊಸೆ ಬಗ್ಗಿ ನೋಡಿ, "ಮಗು ನುಂಗೋಕಾಗದಷ್ಟು ದೊಡ್ಡದು ಇದೆಯಾ?" ಎಂದಳು.

"ಅಂಥದ್ದು ಬೇಕಾದ್ರೆ ನಿಂಬೆಹಣ್ಣು ಪೋಣಿಸ್ಕೊಳ್ಳಿ."

"ಇದರ ಬಣ್ಣದಲ್ಲಿ ವಿಷ ಗಿಷ ಇರಲ್ಲ ಅಲ್ವಾ?"

"ತಿನ್ನೋಕೆ ಕೊಡ್ತಿಲ್ಲಮ್ಮ ನಾನು," ಎಂದು ಅಂಗಡಿಯಾಕೆ ಹಾರ್ನಣ್ಣನ ಕಡೆ ತಿರುಗಿದಳು. "ನೋಡಿ ಯಜಮಾನ್ರೇ, ಮಣಿ ಆರಿಸೋವಾಗ ತೂತು ನೋಡ್ಬೇಕು, ಹೊಳಪಲ್ಲ. ದಾರ ತೂತಲ್ಲಿ ಸಲೀಸಾಗಿ ಜಾರ್ಬೇಕು. ಎಲ್ಲ ಒಂದೇ ಗಾತ್ರ ಇರ್ಬೇಕು, ಸೊಟ್ಟಗಿರೋದನ್ನ ಆಚೆ ಹಾಕಿ. ದಾರ ಹತ್ತಿದು, ಗಟ್ಟಿ ಹುರಿ ಇರೋದು. ಮುಖ್ಯ ವಿಷಯ ಕೇಳಿ: ಮಣಿಯೆಲ್ಲ ಮೊದಲೇ ದಾರಕ್ಕೆ ಪೋಣಿಸ್ಕೊಂಡು ಆಮೇಲೆ ಹೆಣಿಗೆ ಶುರು ಮಾಡೋದು. ಒಂದು ಹೊಲಿಗೆ, ಒಂದು ಮಣಿ ಮೇಲಕ್ಕೆ ತಳ್ಳೋದು. ಅರ್ಧ ಹೆಣೆದ ಮೇಲೆ ಅಯ್ಯೋ ಹಸಿರು ಮರೆತೆ ಅಂದ್ರೆ ಆಯ್ತು, ದಾರ ಕತ್ತರಿಸ್ಬೇಕು."

ಅಷ್ಟು ಹೇಳಿ, ದಪ್ಪ ದಾರ ದೊಡ್ಡ ಮಣಿಯಲ್ಲಿ ನಾಲ್ಕು ಸಾಲು ಹೆಣೆದು ತೋರಿಸಿ, ಅವನ ಕೈಗೂ ಕೊಟ್ಟು ಹೆಣೆಸಿದಳು. ಅವನು ಹೆಣೆದದ್ದನ್ನು ಹಿಂದೆ ತಗೊಂಡು ಮೇಜಿಗೆ ಕುಟ್ಟಿದಳು. ಟಕ್ ಟಕ್ ಎಂದಿತು.

"ಇದು ಹೆಣಿಗೆನಾ, ಹಲಗೆನಾ? ಇಷ್ಟು ಬಿಗೀಬೇಡಿ. ಲೋಡ್ ಬಿದ್ದುಹೋಗಲ್ಲ."

ತಾನು ಲಾರಿಯವನು ಎಂದು ಹೇಳದೆ ಇವಳಿಗೆ ಹೇಗೆ ಗೊತ್ತಾಯಿತು ಎಂದು ಹಾರ್ನಣ್ಣನಿಗೆ ಆಶ್ಚರ್ಯ. ಅವನ ಅಂಗಿಯ ಜೇಬಿನ ಮೇಲೆ ಹಳೆಯ ಸಾಗಣೆ ಕಂಪನಿಯ ಲಾರಿಯ ಚಿತ್ರ ಇನ್ನೂ ಇತ್ತು.

ಎಲ್ಲ ಸಿಕ್ಕಿತು, ಕಡ್ಡಿ ಮಾತ್ರ ಸಿಗಲಿಲ್ಲ. ಸ್ವೆಟರ್ ಹೆಣೆಯುವ ಕಡ್ಡಿಗಳು ಆ ಮಣಿಗಳ ಮುಂದೆ ದೂಲಗಳ ಹಾಗೆ ಕಂಡವು. ಅಷ್ಟು ಸಪೂರದ್ದನ್ನು ಈಗ ಯಾರೂ ಕೇಳುವುದಿಲ್ಲ, ತಾನು ತರಿಸುವುದೂ ಇಲ್ಲ ಎಂದಳು ಅಂಗಡಿಯಾಕೆ. ಹಾರ್ನಣ್ಣ ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದವನು, ಎದುರಿನ ಸೈಕಲ್ ಅಂಗಡಿಯಲ್ಲಿ ನೇತುಹಾಕಿದ್ದ ಚಕ್ರವನ್ನು ನೋಡಿ ನಿಂತುಬಿಟ್ಟ. ನಾಲ್ಕು ಕಡ್ಡಿ ಕೊಡು ಎಂದ. ಸೈಕಲ್ ಅಂಗಡಿಯವನು, "ಮುಂದಿನ ಚಕ್ರಕ್ಕಾ, ಹಿಂದಿನದಕ್ಕಾ?" ಎಂದ.

"ಪರ್ಸಿಗೆ."

ಅಂಗಡಿಯವನು ಮರುಪ್ರಶ್ನೆ ಹಾಕದೆ ಕೊಟ್ಟ. ತಿರುಪಿನ ತುದಿಗಳನ್ನು ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ ಮೇಲೆ ಅವು ಎಷ್ಟು ಚೆನ್ನಾಗಿ ಬಂದವೆಂದರೆ, ಸೊಸೆ ಅವನ್ನು ಕಂಡ ಕೂಡಲೇ ಚುಚ್ಚುವ ವಸ್ತುಗಳ ಸಾಲಿಗೆ ಸೇರಿಸಿದಳು.

ಈಗ ಎಲ್ಲಿ ಕೂತು ಹೆಣೆಯುವುದು? ನೆಲದ ಮೇಲೆ ಬೇಡ, ಮಗು ಬರುತ್ತದೆ. ಸೋಫಾ ಬೇಡ, ಹಿಡಿದುಕೊಂಡು ನಿಲ್ಲುತ್ತದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಗು ಬಾಗಿಲು ಬಡಿಯುತ್ತದೆ, ಬೆರಳು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಸೊಸೆ ನಡುಮನೆಯ ಮಧ್ಯೆ ನಿಂತು ಸುತ್ತಲೂ ನೋಡಿದಳು. ಮಗುವನ್ನು ಕೂರಿಸಲೆಂದು ತಂದಿದ್ದ, ಸುತ್ತ ಮರದ ಸರಳುಗಳಿದ್ದ ಕಟಕಟೆ ಮೂಲೆಯಲ್ಲಿತ್ತು. ಮಗುವನ್ನು ಒಳಗೆ ಬಿಟ್ಟರೆ ಅತ್ತು ಊರು ಸೇರಿಸುತ್ತಿದ್ದುದರಿಂದ ಅದು ಖಾಲಿಯೇ ಬಿದ್ದಿತ್ತು.

"ಮಾವ," ಎಂದಳು. "ಮಗೂನ ಒಳಗೆ ಹಾಕೋಕಾಗಲ್ಲ. ಆದ್ರೆ..."

ಹೀಗೆ ಹಾರ್ನಣ್ಣ ಕಟಕಟೆ ಸೇರಿದ. ದೊಡ್ಡ ದೇಹ, ಮಡಿಸಿದ ಕಾಲು, ಮೊಣಕಾಲುಗಳು ಎರಡು ಕಡೆಯ ಸರಳಿಗೂ ತಾಗುತ್ತಿದ್ದವು. ಕೆಳಗೆ ಬಿಳಿ ಬಟ್ಟೆ ಹಾಸಿತ್ತು, ಬಿದ್ದ ಮಣಿ ಕಾಣಲಿ ಎಂದು. ಮೊಮ್ಮಗಳು ಹೊರಗಿನಿಂದ ಸರಳು ಹಿಡಿದು ನಿಂತು, ಮೃಗಾಲಯಕ್ಕೆ ಬಂದವರ ಹಾಗೆ ಕಣ್ಣು ಅರಳಿಸಿ ನೋಡಿದಳು. ಆಗಾಗ ತನ್ನ ಬಿಸ್ಕತ್ತಿನ ತುಂಡನ್ನು ಸಂದಿಯಿಂದ ಅವನ ಬಾಯಿಗೆ ತುರುಕುತ್ತಿದ್ದಳು. ಮಗ ಕೆಲಸದಿಂದ ಬಂದು, ಅಪ್ಪನನ್ನು ನೋಡಿ, ಹೆಂಡತಿಯನ್ನು ನೋಡಿ, "ನಾನು ಏನೂ ಕೇಳಲ್ಲ," ಎಂದು ಒಳಗೆ ಹೋದ.

ಪೋಣಿಸುವ ಕೆಲಸದಲ್ಲಿ ಸೊಸೆಯೂ ಸೇರಿದಳು. ಅತ್ತೆಯ ಹಳೆಯ ಫೋಟೊದಲ್ಲಿ ಪರ್ಸು ಕಾಣುತ್ತಿತ್ತು. ಅದನ್ನು ಫೋನಿನಲ್ಲಿ ಹಿಗ್ಗಿಸಿ, ಚೌಕಳಿ ಹಾಳೆಯ ಮೇಲೆ ಒಂದೊಂದು ಮಣಿಗೆ ಒಂದೊಂದು ಮನೆಯ ಲೆಕ್ಕದಲ್ಲಿ ಗಿಳಿ ಬರೆದಳು. ಕೊಂಬೆ, ಕಾಲು, ಹೊಟ್ಟೆ, ಕೊಕ್ಕು, ಎಲ್ಲ ಅಚ್ಚುಕಟ್ಟು. ಮೇಲಿನಿಂದ ಓದಬೇಕೋ ಕೆಳಗಿನಿಂದಲೋ ಎಂಬ ಪ್ರಶ್ನೆ ಬಂತು. ಇಂಥ ವಿಷಯದಲ್ಲಿ ಅವಳು ಉಡಾಫೆ ಮಾಡುವವಳಲ್ಲ. ಫೋನಿನಲ್ಲಿ ಹುಡುಕಿ, ಅಂಗಡಿಯಾಕೆಗೂ ಕರೆ ಮಾಡಿ ಕೇಳಿ, ಮತ್ತೆ ಹುಡುಕಿದಳು. "ಹೆಣಿಗೆ ಶುರು ಆಗೋದು ಕೆಳಗಿನಿಂದ. ಎಲ್ಲರೂ ಅದನ್ನೇ ಹೇಳ್ತಿದ್ದಾರೆ. ಹಾಗಾಗಿ ಕೆಳಗಿನ ಸಾಲೇ ಮೊದಲು."

"ಹೇಳಮ್ಮ. ಲೋಡ್ ಮಾಡೋಣ."

"ಕಂದು ನಾಲ್ಕು."

"ಹೂಂ, ಬಂತು."

"ಬಿಳಿ ಎರಡು. ಮಾವ, ತಡೀರಿ, ಒಂದು ಕೆಳಗೆ ಬಿತ್ತು."

"ಬಟ್ಟೆ ಮೇಲೇ ಇದೆ."

"ತೋರಿಸಿ."

ತೋರಿಸಿದ. ಅವಳು ಉಸಿರು ಬಿಟ್ಟಳು. ಕೆಲಸ ಮುಂದುವರಿಯಿತು. ಸೂಜಿ ಮಣಿಯ ತೂತಿಗೆ ಹೋಗದಿದ್ದಾಗ ದಾರದ ತುದಿಗೆ ಸೊಸೆಯ ಉಗುರಿನ ಬಣ್ಣ ಹಚ್ಚಿ ಒಣಗಿಸಿ, ಅದನ್ನೇ ಸೂಜಿ ಮಾಡಿಕೊಂಡರು. ಕೊನೆಗೆ ಗಿಳಿಯ ತಲೆಗೆ ಬಂದಾಗ ಸೊಸೆ, "ಕಣ್ಣು. ಕಪ್ಪು, ಒಂದು," ಎಂದಳು. ಹಾರ್ನಣ್ಣ ಅವಳು ಮಗುವಿನ ಕಡೆ ತಿರುಗುವುದನ್ನೇ ಕಾದು, ಅಂಗಿಯ ಒಳಜೇಬಿನಿಂದ ಏನನ್ನೋ ತೆಗೆದು ಪೋಣಿಸಿದ. ಅವತ್ತು ಎಲ್ಲ ಗುಡಿಸಿ ಎಸೆದ ಮೇಲೆ, ಅವನ ಅಂಗಿಯ ಮಡಚಿದ ತೋಳಿನೊಳಗೆ ಹಳೆಯ ಪರ್ಸಿನ ಒಂದೇ ಒಂದು ಮಣಿ ಸಿಕ್ಕಿಕೊಂಡಿತ್ತು. ಕಪ್ಪು ಮಣಿ. ಗಿಳಿಯ ಕಣ್ಣು. ಸೊಸೆಗೆ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾಳೆಂದು ಅವನು ಬಾಯಿ ಬಿಟ್ಟಿರಲಿಲ್ಲ.

ಮಣಿ ತುಂಬಿದ ದಾರದ ಉಂಡೆಯನ್ನು ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿಟ್ಟು ಹೆಣಿಗೆ ಶುರುವಾಯಿತು. ಮೂರು ಕಡ್ಡಿಯ ಮೇಲೆ ಹೊಲಿಗೆ, ನಾಲ್ಕನೆಯದು ಕೈಯಲ್ಲಿ. ಸುತ್ತಿ ಸುತ್ತಿ ಕೊಳವೆಯ ಹಾಗೆ ಬೆಳೆಯುತ್ತ ಹೋಗಬೇಕು. ಒಂದು ಬೆರಳಿನಗಲ ಬೆಳೆಯುತ್ತಲೇ, ಗಿಳಿಯ ಆಕಾರ ಇನ್ನೂ ಕಾಣುವ ಮೊದಲೇ, ಸೊಸೆ ಹೊಸ ಕಾನೂನು ತಂದಳು. ಮೊದಲನೆಯದು, ತಳವನ್ನು ಈಗಲೇ ಹೊಲಿದು ಮುಚ್ಚುವುದು, ಸಡಿಲ ಮಣಿ ಕೆಳಗಿನಿಂದ ಉದುರದ ಹಾಗೆ. ಎರಡನೆಯದು, ಹೆಣೆದಷ್ಟನ್ನೂ ಮಗುವಿನ ಹಳೆಯ ಕಾಲುಚೀಲದೊಳಗೆ ತೂರಿಸಿ, ಕಡ್ಡಿಯ ಹತ್ತಿರದ ಎರಡು ಸಾಲು ಮಾತ್ರ ಹೊರಗಿರಬೇಕು.

"ನನಗೆ ಕಾಣೋದು ಬೇಡ್ವಾ?"

"ಹಾಳೆ ನಾನು ನೋಡಿದ್ದೀನಲ್ಲ ಮಾವ. ಪೋಣಿಸಿದ ಪ್ರಕಾರ ಬರ್ತಾ ಹೋಗುತ್ತೆ. ಸುಮ್ನೆ ಹೆಣೀರಿ."

ಅವನು ಸುಮ್ಮನೆ ಹೆಣೆದ. ಮೊದಮೊದಲು ಬೆವರಿಗೆ ಮಣಿಗಳು ಬೆರಳಿಗಂಟಿ, ತುರಿಸಿಕೊಂಡಾಗ ಮೂಗಿಗೂ ಅಂಟುತ್ತಿದ್ದವು. ಸೊಸೆ ಊಟಕ್ಕೆ ಬಿಡುವ ಮುಂಚೆ ಅವನ ಮುಖ ತಪಾಸಣೆ ಮಾಡುತ್ತಿದ್ದಳು. ಬರಬರುತ್ತ ಕೈ ಕುದುರಿತು. ಕಡ್ಡಿ ತೂರಿಸು, ದಾರ ಸುತ್ತು, ಮಣಿ ತಳ್ಳು, ಎಳೆ. ಅದರಲ್ಲಿ ಗೇರು ಬದಲಿಸುವಂಥ ಒಂದು ಲಯವಿತ್ತು. ಹೆಂಡತಿ ಪಕ್ಕದ ಸೀಟಿನಲ್ಲಿ ಅಷ್ಟು ದಿನ ಇದನ್ನೇ ಮಾಡುತ್ತಿದ್ದಳಲ್ಲ, ಅದೂ ತನ್ನ ಬ್ರೇಕಿನ ಹೊಡೆತ ತಿನ್ನುತ್ತ, ಎಂದು ಅವನಿಗೆ ಅನ್ನಿಸತೊಡಗಿತು. ಒಂದು ಸಲವಾದರೂ, ಏನು ಹೆಣೆಯುತ್ತಿದ್ದೀ, ಹೇಗೆ ಹೆಣೆಯುತ್ತಿದ್ದೀ ಎಂದು ತಾನು ಕೇಳಿರಲಿಲ್ಲ. ರಸ್ತೆಯ ಮೇಲೆ ಕಣ್ಣಿತ್ತು ಎಂದು ಹೇಳಿಕೊಳ್ಳಬಹುದು. ಆದರೆ ಲಾರಿ ನಿಂತಾಗಲೂ ಕೇಳಿರಲಿಲ್ಲ.

ಹೊಸ ಪರ್ಸು ಬಾಗಿಲ ಹಿಂದಿನ ಮೊಳೆಯಲ್ಲಿ ಇರಲೇಬೇಕು, ಅವಳು ಒಳಗೆ ಬರುವ ಮೊದಲೇ. ಅವನ ಪಾಲಿಗೆ ಈಗ ಅದೊಂದೇ ಕೆಲಸ.

ಕೊನೆಯ ಸುತ್ತು ಮುಗಿದ ಬೆಳಗ್ಗೆ ಅವನು ಕಟಕಟೆಯೊಳಗಿಂದಲೇ ಸೊಸೆಯನ್ನು ಕರೆದ. ಅವಳು ಒದ್ದೆ ಕೈ ಒರೆಸಿಕೊಂಡು ಬಂದಳು. ಇಬ್ಬರೂ ಉಸಿರು ಬಿಗಿಹಿಡಿದು ಕಾಲುಚೀಲ ಎಳೆದು ತೆಗೆದರು.

ಮಣಿಗಳು ಮಿರಮಿರ ಮಿಂಚಿದವು. ಹಸಿರು ಹಸಿರಾಗಿಯೇ ಇತ್ತು, ಕೆಂಪು ಕೆಂಪಾಗಿಯೇ ಇತ್ತು. ಕೊಂಬೆ ಮೇಲಿತ್ತು. ಗಿಳಿ ಅದರಿಂದ ತಲೆಕೆಳಗಾಗಿ ಜೋತುಬಿದ್ದಿತ್ತು.

ಸೊಸೆ ಚೌಕಳಿ ಹಾಳೆ ತಂದು ಪಕ್ಕದಲ್ಲಿಟ್ಟು ನೋಡಿದಳು.

"ಇದು ಗಿಳಿ ಅಲ್ಲ ಕಣಮ್ಮ," ಎಂದ ಹಾರ್ನಣ್ಣ. "ಬಾವಲಿ."

ಸೊಸೆಯ ಕಣ್ಣಲ್ಲಿ ನೀರು ತುಂಬಿತು. "ನಾನು ಎಲ್ಲಾ ಕಡೆ ಕೇಳಿದ್ದೆ ಮಾವ! ಕೆಳಗಿನಿಂದಲೇ ಶುರು ಅಂದ್ರು! ನಾನು ಎಷ್ಟು ಸಲ ಚೆಕ್ ಮಾಡಿದ್ದೆ!"

ಹಾರ್ನಣ್ಣ ದಾರದ ಖಾಲಿ ತುದಿ ಹಿಡಿದು ನೋಡುತ್ತಿದ್ದವನು, ಹಣೆ ಹಣೆ ಬಡಿದುಕೊಂಡ. "ನಿನ್ನದಲ್ಲಮ್ಮ, ನನ್ನ ತಪ್ಪು. ದಾರಕ್ಕೆ ಕೊನೇಲಿ ಹಾಕಿದ ಮಣಿ ತಾನೇ ಕಡ್ಡಿಗೆ ಮೊದಲು ಬರೋದು? ನಾವು ಕೊಂಬೆ ಮೊದಲು ಹಾಕಿದ್ವಿ, ತಲೆ ಕೊನೇಲಿ. ಹೆಣೆಯೋವಾಗ ತಲೆ ಮೊದಲು ಇಳೀತು. ಜೀವಮಾನವೆಲ್ಲ ಲಾರಿಗೆ ಲೋಡ್ ಮಾಡಿಸಿದೀನಿ. ಮೊದಲು ಇಳಿಸೋ ಮಾಲು ಕೊನೇಲಿ ಹತ್ತಿಸ್ಬೇಕು ಅಂತ ಹಮಾಲರಿಗೆ ಬೈದು ಬೈದು ಹೇಳ್ತಿದ್ದವನು ನಾನು!"

"ಅಂದ್ರೆ, ಪೇಪರ್ ಓದೋ ಹಾಗೆ ಮೇಲಿನಿಂದ ಸುಮ್ನೆ ಓದಿದ್ರೆ..."

"ಸರಿಯಾಗಿರ್ತಿತ್ತು."

ಒಂದೇ ಒಂದು ಸಲ ಯೋಚನೆ ಮಾಡದೆ ಕೆಲಸ ಮಾಡಿದ್ದರೆ ಸರಿಯಾಗುತ್ತಿತ್ತು ಎಂಬ ಮಾತನ್ನು ಅರಗಿಸಿಕೊಳ್ಳಲು ಸೊಸೆಗೆ ಆಗಲಿಲ್ಲ. ಅವಳು ಜೋರಾಗಿ ಅಳತೊಡಗಿದಳು. ಅಮ್ಮ ಅತ್ತದ್ದು ನೋಡಿ ಮಗುವೂ ಅತ್ತಿತು. ಎಲ್ಲ ಬಿಚ್ಚಿ ಮತ್ತೆ ಮಾಡೋಣ ಎಂದು ಹಾರ್ನಣ್ಣ ಸಮಾಧಾನ ಮಾಡುತ್ತಿದ್ದ, ದನಿ ಎತ್ತರಿಸಿ, ಪಿಸುಮಾತಿನ ಕಾನೂನು ಮರೆತು. ಈ ಮೂರು ದನಿಗಳ ನಡುವೆ ಬಾಗಿಲು ತೆರೆದದ್ದು ಯಾರಿಗೂ ಕೇಳಿಸಲಿಲ್ಲ.

ಹೆಂಡತಿ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ವಾರ ಮೊದಲೇ ಬಂದಿದ್ದಳು. ಮೊದಲು ಬಾಗಿಲ ಹಿಂದಿನ ಖಾಲಿ ಮೊಳೆ ನೋಡಿದಳು. ಆಮೇಲೆ ಅಳುತ್ತಿರುವ ಸೊಸೆಯನ್ನು. ಆಮೇಲೆ ಹೊರಗೆ ನಿಂತ ಮಗುವನ್ನು, ಒಳಗೆ ಕೂತ ಗಂಡನನ್ನು.

"ರೀ," ಎಂದಳು. "ಏನು ಮಾಡಿದ್ರಿ ಅಂತ ನಿಮ್ಮನ್ನ ಒಳಗೆ ಹಾಕಿದಾರೆ?"

ಹಾರ್ನಣ್ಣನ ಗಂಟಲು ಜೀವನದಲ್ಲಿ ಮೊದಲ ಬಾರಿ ಕೈಕೊಟ್ಟಿತು. ಸರಳುಗಳ ಸಂದಿಯಿಂದ ಕೈ ಚಾಚಿ ಪರ್ಸು ತೋರಿಸಿದ. "ನಿಂದು ಹರಿದುಹೋಯ್ತು ಕಣೇ. ನಾನೇ ಹರಿದೆ. ಇದನ್ನ... ಇದೂ ಸರಿಯಾಗ್ಲಿಲ್ಲ."

ಅವಳು ಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಕಟಕಟೆಯ ಪಕ್ಕ ಕೂತಳು. ಪರ್ಸು ಕೈಗೆ ತಗೊಂಡಳು. ಹೊರಳಿಸಿ ನೋಡಿದಳು, ಒಳಗೆ ಬೆರಳು ಹಾಕಿ ನೋಡಿದಳು, ಪಕ್ಕದಲ್ಲಿದ್ದ ಸೈಕಲ್ ಕಡ್ಡಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಹಳೆಯದು ಹೋಯಿತೆಂದು ಅವಳ ಮುಖ ಒಂದು ಗಳಿಗೆ ಬಾಡಿದ್ದನ್ನು ಅವನು ಕಂಡ. ಬೈದುಬಿಟ್ಟಿದ್ದರೆ ವಾಸಿಯಿತ್ತು.

"ತಳ ಯಾಕೆ ಇಷ್ಟು ಬೇಗ ಹೊಲಿದ್ರಿ?"

"ಮಣಿ ಉದುರಬಾರದು ಅಂತ, ಅತ್ತೆ," ಎಂದಳು ಸೊಸೆ ಮೂಗು ಒರೆಸಿಕೊಳ್ಳುತ್ತ.

"ಕತ್ತರಿ ಕೊಡು."

ಸೊಸೆ ಮೂರು ಬೀಗ ತೆಗೆದು ಕತ್ತರಿ ತಂದಳು. ಅತ್ತೆ ತಳದ ಹೊಲಿಗೆಯನ್ನು ಕಚಕ್ಕೆಂದು ಕತ್ತರಿಸಿ, ಎಳೆ ಎಳೆದು ತೆಗೆದಳು. ಈಗ ಅದು ಎರಡೂ ಕಡೆ ಬಾಯಿರುವ ಕೊಳವೆ. ಅದನ್ನು ಮಗುವನ್ನು ತಿರುಗಿಸುವಷ್ಟೇ ಸಲೀಸಾಗಿ ಬುಡಮೇಲು ಮಾಡಿ, ಹಿತ್ತಾಳೆ ಚೌಕಟ್ಟನ್ನು ಈಚೆ ತುದಿಗೆ ಹಿಡಿದಳು.

"ಇದು ಬಾಯಿ, ಅದು ತಳ," ಎಂದಳು. "ಅಷ್ಟಕ್ಕೆ ಮನೆಮಂದಿಯೆಲ್ಲ ಅಳೋದಾ?"

ಗಿಳಿ ಕೊಂಬೆಯ ಮೇಲೆ ನೆಟ್ಟಗೆ ಕೂತಿತ್ತು. ಹಾರ್ನಣ್ಣ ಮತ್ತು ಸೊಸೆ ಮುಖ ಮುಖ ನೋಡಿಕೊಂಡರು.

ಅತ್ತೆ ಮಾತ್ರ ಪರ್ಸಿನಿಂದ ಕಣ್ಣು ತೆಗೆಯಲಿಲ್ಲ. ಗಿಳಿಯ ತಲೆಯ ಮೇಲೆ ಹೆಬ್ಬೆರಳಾಡಿಸಿ ಅಲ್ಲೇ ನಿಲ್ಲಿಸಿದಳು. "ಈ ಕಣ್ಣು ಹೊಸದಲ್ಲ. ಇದು ನಂದು. ಒಂದು ಕಡೆ ಚೂರು ಮುಕ್ಕಾಗಿದೆ ನೋಡಿ. ನೀವು ಬ್ರೇಕ್ ಹಾಕಿದಾಗ ಕ್ಲಚ್ ಕೆಳಗೆ ಬಿದ್ದು, ನಿಮ್ಮ ಬೂಟಿಗೆ ಸಿಕ್ಕಿದ್ದು. ಎಲ್ಲಿ ಸಿಕ್ತು?"

"ತೋಳಿನ ಮಡಿಕೇಲಿತ್ತು," ಎಂದ ಹಾರ್ನಣ್ಣ ಮೆಲ್ಲಗೆ. "ಜೇಬಲ್ಲಿ ಇಟ್ಕೊಂಡಿದ್ದೆ."

ಹೆಂಡತಿ ಕಟಕಟೆಗೆ ಇನ್ನಷ್ಟು ಹತ್ತಿರ ಸರಿದಳು. ಸರಳಿನ ಸಂದಿಯಿಂದ ಕೈ ಹಾಕಿ, ಅವನ ಮೂಗಿಗೆ ಅಂಟಿದ್ದ ಒಂದು ಹಸಿರು ಮಣಿಯನ್ನು ಉಗುರಿನಿಂದ ತೆಗೆದಳು.

ಸೊಸೆ ಮಾತ್ರ ಬಿಳಿಚಿಕೊಂಡಿದ್ದಳು. "ಜೇಬಲ್ಲಾ? ಇಷ್ಟು ದಿನ? ಆ ಜೇಬಿಗೆ ಮಗು ದಿನಾ ಕೈ ಹಾಕ್ತಿತ್ತಲ್ಲ ಮಾವ!" ಎಂದವಳೇ ಮಗುವನ್ನೆತ್ತಿ, ಟಾರ್ಚು ಹುಡುಕುತ್ತ ಒಳಗೆ ಓಡಿದಳು.

"ಸರಿ, ಇನ್ನು ನಾನು ಹೊರಗೆ ಬರ್ಲಾ?" ಎಂದು ಹಾರ್ನಣ್ಣ ಸರಳು ಹಿಡಿದು ಏಳಲು ನೋಡಿದ.

"ಎಲ್ಲಿಗೆ?" ಹೆಂಡತಿ ಪರ್ಸನ್ನೂ ಚೌಕಟ್ಟನ್ನೂ ಸೂಜಿಯನ್ನೂ ಒಟ್ಟಿಗೇ ಅವನ ಮಡಿಲಿಗೆ ಹಾಕಿದಳು. "ತಳ ಹೊಲಿಯೋದಿದೆ, ಬಾಯಿ ಕೂರಿಸೋದಿದೆ. ಕೂತ್ಕೊಳ್ಳಿ. ಹೇಗೆ ಅಂತ ನಾನು ಹೇಳ್ತೀನಿ."

ಅವನು ಕೂತ. ಅವಳು ಸರಳಿಗೆ ಒರಗಿ, ಕಾಲು ಚಾಚಿ, ಪ್ರಯಾಣದ ಚಪ್ಪಲಿ ಬಿಚ್ಚಿದಳು.

"ಸೂಜಿ ಹೀಗಲ್ಲ, ಓರೆಯಾಗಿ. ಹಾಂ. ಇನ್ನೂ ಮೆಲ್ಲಗೆ. ಬ್ರೇಕ್ ಹಾಕ್ಬೇಡಿ."